ಐಫೋನ್ ಬಿಟ್ಟು ಹೊರಡುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಐಫೋನಿನಿಂದ ಆಂಡ್ರಾಯ್ಡ್‌ಗೆ ಬರುವವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಹೊಸ ಫೋನು ಬಂದ ಉತ್ಸಾಹದಲ್ಲಿ ಸಿಮ್ ಕಿತ್ತು ಅದಕ್ಕೆ ಹಾಕುತ್ತಾರೆ, ಹಳೆಯದನ್ನು ಪೂರ್ತಿ ಅಳಿಸಿ ಯಾರಿಗೋ ಕೊಟ್ಟುಬಿಡುತ್ತಾರೆ. ಮರುದಿನದಿಂದ ರಗಳೆ ಶುರು. ವಾಟ್ಸ್ಆ್ಯಪ್ ಖಾಲಿ, ಮೇಲ್ ಖಾತೆ ಆರಂಕಿಯ ಕೋಡ್ ಕೇಳುತ್ತಿದೆ, ಐಫೋನ್ ಇಟ್ಟುಕೊಂಡ ಗೆಳೆಯರ ಸಂದೇಶ ಬರುತ್ತಿಲ್ಲ. "ಸ್ವಲ್ಪ ನೋಡಿ ಸರಿಮಾಡಿಕೊಡಿ" ಎಂದು ನನ್ನ ಹತ್ತಿರ ತರುವ ಹೊತ್ತಿಗೆ, ಸರಿಮಾಡಲು ಬೇಕಾದ ಹಳೆಯ ಫೋನಿನಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಬಹುಪಾಲು ಹಳೆಯ ಫೋನಿನ ಮೇಲೆ ಮಾಡಬೇಕಾದ ಕೆಲಸವೇ.

ಐಫೋನ್ ಬಿಡಲು ಇಷ್ಟೆಲ್ಲ ಪಾಡು ಯಾಕೆ ಎನ್ನುವವರು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನ ಕಥೆ ಕೇಳಬೇಕು. ಅದು ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಅದರ ಕೋಡ್ ನೋಡಿ, ಬದಲಿಸಿ, ಹಂಚಬಹುದು. ಆ ಪರವಾನಗಿ ಬಳಕೆದಾರರಿಗೆ ಕೊಡುವ ಹಕ್ಕುಗಳಿಗೂ ಆ್ಯಪ್ ಸ್ಟೋರ್‌ನ ನಿಯಮಗಳಿಗೂ ತಾಳೆಯಾಗದೆ 2011ರ ಜನವರಿಯಲ್ಲಿ ಅದು ಸ್ಟೋರ್‌ನಿಂದ ಹೊರಬಿತ್ತು. ಪರವಾನಗಿ ಬದಲಿಸಿಕೊಂಡು 2013ರಲ್ಲಿ ವಾಪಸಾಯಿತು. ಯುರೋಪ್ ಒಕ್ಕೂಟದ ಕಾನೂನಿಗೆ ಮಣಿದು 2024ರ ಮಾರ್ಚ್‌ನಲ್ಲಿ ಆ್ಯಪಲ್ ಅಲ್ಲಿ ಬೇರೆ ಸ್ಟೋರ್‌ಗಳಿಗೂ ಜಾಗ ಕೊಟ್ಟಿತು. ಜಗತ್ತಿನ ಬಹುಭಾಗದಲ್ಲಿ ಇಂದಿಗೂ ಒಂದೇ ಬಾಗಿಲು. ಆಂಡ್ರಾಯ್ಡ್‌ನಲ್ಲಿ ಸ್ಟೋರನ್ನು ಬದಲಿಸಬಹುದು, ಮನಸ್ಸು ಮಾಡಿದರೆ ಫೋನನ್ನು ನಡೆಸುವ ಮೂಲ ತಂತ್ರಾಂಶವಾದ ಓಎಸ್ ಅನ್ನೇ ಇಡಿಯಾಗಿ.

ಹಂತ 1: ಫೋನು ಆರಿಸುವುದು

ಬೂಟ್‌ಲೋಡರ್ ತೆರೆಯಲು ಬಿಡುವ ಫೋನನ್ನೇ ಕೊಳ್ಳಿ. ಫೋನು ಆನ್ ಆಗುವಾಗ ಓಎಸ್ ಅನ್ನು ಶುರುಮಾಡುವ ತಂತ್ರಾಂಶ ಅದು; ಅದರ ಬೀಗ ತೆರೆಯದೆ ಬೇರೆ ಓಎಸ್ ಹಾಕಲಾಗದು. ಓಎಸ್ ಬದಲಿಸುವ ಯೋಚನೆ ಸದ್ಯಕ್ಕೆ ಇಲ್ಲದಿದ್ದರೂ ಸರಿ. ಕಂಪನಿ ಈಗ ಬಿಡುತ್ತದೆ, ನಾಳೆ ಬಿಡದಿರಬಹುದು. ಹುವಾವೆ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. ನನ್ನನ್ನು ಕೇಳಿದರೆ ಪಿಕ್ಸೆಲ್. ಗೂಗಲ್‌ನಿಂದ ದೂರ ಹೋಗಲು ಗೂಗಲ್‌ನ ಫೋನೇ ಬೇಕೇ ಎಂದು ನಗಬೇಡಿ. ಗೂಗಲ್ ಆ್ಯಪ್‌ಗಳಿಲ್ಲದೆ ಬರುವ ಆಂಡ್ರಾಯ್ಡ್ ಆವೃತ್ತಿಯಾದ ಗ್ರ್ಯಾಫೀನ್ ಓಎಸ್ ಇದುವರೆಗೆ ನೆಚ್ಚಿಕೊಂಡಿರುವುದು ಪಿಕ್ಸೆಲ್ ಅನ್ನೇ, ಪಿಕ್ಸೆಲ್ 8ರಿಂದೀಚಿನ ಮುಖ್ಯ ಮಾದರಿಗಳಿಗೆ ಏಳು ವರ್ಷ ಅಪ್‌ಡೇಟ್ ಇದೆ. ಮೊಬೈಲ್ ಸೇವಾ ಕಂಪನಿಯ ಮೂಲಕ ಬಂದ ಫೋನು ಮಾತ್ರ ಬೇಡ, ಅಂಥವುಗಳಲ್ಲಿ ಎಷ್ಟೋ ಫೋನುಗಳ ಬೂಟ್‌ಲೋಡರ್ ತೆರೆಯುವುದಿಲ್ಲ. ಬೇರೆ ಬ್ರ್ಯಾಂಡ್ ಆದರೆ ಅಂಥದ್ದೇ ಇನ್ನೊಂದು ಆವೃತ್ತಿಯಾದ ಲೀನಿಯೇಜ್ ಓಎಸ್‌ನ ಪಟ್ಟಿಯಲ್ಲಿ ನಿಮ್ಮ ಮಾದರಿಯ ಹೆಸರು ಅಕ್ಷರಕ್ಕೆ ಅಕ್ಷರ ಇದೆಯೇ ನೋಡಿ.

ಹಂತ 2: ಐಮೆಸೇಜ್ ಆಫ್ ಮಾಡುವುದು

ಸಿಮ್ ಇನ್ನೂ ಐಫೋನಿನಲ್ಲಿರುವಾಗಲೇ ಐಮೆಸೇಜ್, ಫೇಸ್‌ಟೈಮ್ ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಐಫೋನ್ ಗೆಳೆಯರ ಸಂದೇಶ ಐಮೆಸೇಜ್‌ಗೇ ಹೋಗುತ್ತಿರುತ್ತದೆ, ಹೊಸ ಫೋನಿಗೆ ಬರುವುದಿಲ್ಲ. ಮರೆತಿದ್ದರೆ ಆ್ಯಪಲ್‌ನ ಜಾಲತಾಣದಲ್ಲಿ ಐಮೆಸೇಜ್ ನೋಂದಣಿ ರದ್ದು ಮಾಡುವ ಪುಟವಿದೆ. ಇ-ಸಿಮ್ ಇದ್ದವರು ಅದನ್ನು ಹೊಸ ಫೋನಿಗೆ ತರುವುದು ಹೇಗೆಂದು ಸೇವಾ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

ಹಂತ 3: ಕೀಲಿಗಳು

ಎಲ್ಲರೂ ಹಾಳುಮಾಡಿಕೊಳ್ಳುವ ಹಂತ ಇದು. ವಾಟ್ಸ್ಆ್ಯಪ್ ಚಾಟ್ ತರುವವರು ಹೊಸ ಫೋನಿನ ಸೆಟಪ್‌ನಲ್ಲೇ ಹಂತ 4 ಮುಗಿಸಿಕೊಂಡು ಇಲ್ಲಿಗೆ ಬನ್ನಿ. ಹೊಸ ಫೋನಿನಲ್ಲಿ ಮೇಲ್ ತೆರೆಯುತ್ತೀರಿ, ಪಾಸ್‌ವರ್ಡ್ ಹಾಕುತ್ತೀರಿ, ಆರಂಕಿಯ ಕೋಡ್ ಕೇಳುತ್ತದೆ. ಕೋಡ್ ಕೊಡುವ ಆ್ಯಪ್ ಇದೇ ಫೋನಿನಲ್ಲಿದೆ, ತೆರೆದರೆ ಒಳಗೆ ಒಂದು ಖಾತೆಯೂ ಇಲ್ಲ. ಆ ಕೋಡ್‌ಗಳ ಮೂಲದಲ್ಲಿರುವ ಗುಟ್ಟು ಹಳೆಯ ಫೋನಿನ ಒಳಗೆ ಕೂತಿರುತ್ತದೆ. ಅದರ ಬ್ಯಾಕಪ್ ಇಟ್ಟಿರದಿದ್ದರೆ, ಆ್ಯಪ್ ಮತ್ತೆ ಇಳಿಸಿಕೊಂಡರೂ ಗುಟ್ಟು ಜೊತೆಗೆ ಬರುವುದಿಲ್ಲ.

ಆದ್ದರಿಂದ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತುಕೊಳ್ಳಿ. ಗೂಗಲ್ ಅಥೆಂಟಿಕೇಟರ್ ಆದರೆ ಖಾತೆಗಳನ್ನು ವರ್ಗಾಯಿಸುವ ಆಯ್ಕೆ ಅದರಲ್ಲೇ ಇದೆ. ಹಳೆಯ ಫೋನು ಕ್ಯೂಆರ್ ತೋರಿಸುತ್ತದೆ, ಹೊಸದರಲ್ಲಿ ಏಜಿಸ್ ಎಂಬ ಮುಕ್ತ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಮುಗಿಯಿತು. ಕೆಲವು ಆ್ಯಪ್‌ಗಳು ರಫ್ತು ಮಾಡಲು ಬಿಡುವುದೇ ಇಲ್ಲ. ಅಂಥದ್ದಿದ್ದರೆ ಒಂದೊಂದೇ ಖಾತೆಗೆ ಹೋಗಿ ಎರಡನೇ ಹಂತದ ಭದ್ರತೆಯನ್ನು ಆಫ್ ಮಾಡಿ, ಹೊಸ ಫೋನಿನಲ್ಲಿ ಮತ್ತೆ ಆನ್ ಮಾಡಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ. ಮೇಲ್ ಖಾತೆಯಿಂದ ಶುರುಮಾಡಿ, ಏಕೆಂದರೆ ಉಳಿದವುಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಪ್ರತಿ ಖಾತೆಯ ತುರ್ತು ಕೋಡ್‌ಗಳನ್ನೂ ಆಗಲೇ ಕಾಗದದ ಮೇಲೆ ಬರೆದಿಡಿ. ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಂಡರೆ ಏನು ಬಂತು?

ಆ್ಯಪಲ್‌ನ ಪಾಸ್‌ವರ್ಡ್ಸ್‌ನಲ್ಲಿ ಉಳಿಸಿದ ಗುಪ್ತಪದಗಳನ್ನು ಮ್ಯಾಕ್‌ನಿಂದ ಸಿಎಸ್‌ವಿ ಕಡತವಾಗಿ ತೆಗೆಯಬಹುದು. ಐಫೋನಿನ ಇತ್ತೀಚಿನ ಆವೃತ್ತಿಗಳಲ್ಲಿ ಸಫಾರಿಯ ಸೆಟ್ಟಿಂಗ್ಸ್‌ನಿಂದಲೂ ಆಗುತ್ತದೆ. ಅದನ್ನು ಪಾಸ್‌ವರ್ಡ್ ಕಾಪಿಡುವ ಬಿಟ್‌ವಾರ್ಡನ್ ಆ್ಯಪ್‌ಗೆ ಸೇರಿಸಿ. ಸ್ವಂತ ಕಡತದಲ್ಲೇ ಇರಲಿ ಎನ್ನುವವರಿಗೆ ಕಂಪ್ಯೂಟರಿನಲ್ಲಿ ಕೀಪಾಸ್‌ಎಕ್ಸ್‌ಸಿ, ಫೋನಿನಲ್ಲಿ ಕೀಪಾಸ್‌ಡಿಎಕ್ಸ್. ಆ ಸಿಎಸ್‌ವಿ ಕಡತದಲ್ಲಿ ನಿಮ್ಮ ಎಲ್ಲ ಗುಪ್ತಪದಗಳೂ ಯಾರು ಬೇಕಾದರೂ ಓದುವಂತೆ ಬಿದ್ದಿರುತ್ತವೆ. ಮೇಲ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಕೆಲಸ ಮುಗಿದ ಕ್ಷಣ ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ.

ಪಾಸ್‌ಕೀಗಳು, ಅಂದರೆ ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಒಳಹೋಗುವ ಕೀಲಿಗಳು, ಈ ಕಡತದಲ್ಲಿ ಬರುವುದಿಲ್ಲ. ಹಳೆಯ ಫೋನಿನಿಂದ ಆಯಾ ತಾಣಕ್ಕೆ ಲಾಗಿನ್ ಆಗಿ, ಹೊಸ ಫೋನಿಗೊಂದು ಪಾಸ್‌ಕೀ ಸೇರಿಸಿ, ಅದರಿಂದ ಒಮ್ಮೆ ಒಳಗೆ ಹೋಗಿ ನೋಡಿ. ಹಳೆಯದನ್ನು ತೆಗೆಯುವುದು ಆಮೇಲೆ.

ಹಂತ 4: ವಾಟ್ಸ್ಆ್ಯಪ್

ಐಕ್ಲೌಡ್‌ನಲ್ಲಿ ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿರಬೇಡಿ, ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಅದನ್ನು ಓದುವುದಿಲ್ಲ. ನಾನು ನಂಬುವುದು ಕೇಬಲ್ ದಾರಿಯನ್ನು. ಅದಕ್ಕೆ ಹೊಸ ಫೋನು ಇನ್ನೂ ಸೆಟಪ್ ಹಂತದಲ್ಲೇ ಇರಬೇಕು; ಅವಸರದಲ್ಲಿ ಸೆಟಪ್ ಮುಗಿಸಿದ್ದರೆ ರೀಸೆಟ್ ಮಾಡಿ ಮೊದಲಿನಿಂದ ಬನ್ನಿ. ಎರಡೂ ಫೋನಿನಲ್ಲಿ ಚಾರ್ಜ್ ತುಂಬಿರಲಿ. ಹಳೆಯ ಐಫೋನಿಗೆ ಲೈಟ್ನಿಂಗ್‌ನಿಂದ ಯುಎಸ್‌ಬಿ-ಸಿ ಕೇಬಲ್ ಬೇಕು, ಐಫೋನ್ 15ರಿಂದ ಈಚಿನದಾದರೆ ಎರಡೂ ತುದಿ ಯುಎಸ್‌ಬಿ-ಸಿ. ಚಾರ್ಜ್ ಮಾತ್ರ ಸಾಗಿಸುವ ಅಗ್ಗದ ಕೇಬಲ್ ಹಾಕಿ "ಫೋನೇ ಕಾಣುತ್ತಿಲ್ಲ" ಎನ್ನುವವರು ಬಹಳ. ಸೆಟಪ್‌ನ ನಡುವೆ ಹೊಸ ಫೋನು ಕ್ಯೂಆರ್ ತೋರಿಸುತ್ತದೆ. ಐಫೋನಿನ ಕ್ಯಾಮೆರಾದಿಂದ ಅದನ್ನು ಸ್ಕ್ಯಾನ್ ಮಾಡಿ, ಸಿದ್ಧತೆ ಮುಗಿಯುವವರೆಗೆ ವಾಟ್ಸ್ಆ್ಯಪ್ ತೆರೆದೇ ಇಡಿ. ನಂತರ ಹೊಸದರಲ್ಲಿ ಅದೇ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆಗಿ. ಚಾಟ್, ಚಿತ್ರ ಬರುತ್ತವೆ, ಕರೆಗಳ ಪಟ್ಟಿ ಬರುವುದಿಲ್ಲ.

"ಒಂದೇ ಕ್ಲಿಕ್ಕಿನಲ್ಲಿ ವಾಟ್ಸ್ಆ್ಯಪ್ ವರ್ಗಾವಣೆ" ಎಂದು ಜಾಹೀರಾತು ಕೊಡುವ ಕಂಪ್ಯೂಟರ್ ತಂತ್ರಾಂಶಗಳನ್ನು ಮುಟ್ಟಬೇಡಿ. ದುಡ್ಡು ಕೊಟ್ಟು ನಿಮ್ಮ ಇಡೀ ಫೋನಿನ ಬ್ಯಾಕಪ್ಪನ್ನು ಗೊತ್ತಿಲ್ಲದವರ ಕೈಗೆ ಒಪ್ಪಿಸಿದ ಹಾಗೆ.

ಓಎಸ್ ಬದಲಿಸುವ ಆಲೋಚನೆ ಇದ್ದವರು ಎಡವುವ ಜಾಗ ಇದು. ಫೋನು ಬಂದ ಕೂಡಲೇ ಶುದ್ಧವಾದ ಓಎಸ್ ಹಾಕಿ, ಆಮೇಲೆ ಚಾಟ್ ತರೋಣ ಎಂದುಕೊಳ್ಳುತ್ತಾರೆ. ಈ ವರ್ಗಾವಣೆ ನಿಂತಿರುವುದೇ ಗೂಗಲ್‌ನ ಸೆಟಪ್ ಮೇಲೆ, ಅದು ಆ ಓಎಸ್‌ಗಳಲ್ಲಿ ಇರುವುದಿಲ್ಲ. ಹಾಗಾಗಿ ಕಂಪನಿಯ ಓಎಸ್ ಇರುವಾಗಲೇ ಚಾಟ್ ತನ್ನಿ. ವಾಟ್ಸ್ಆ್ಯಪ್‌ನಲ್ಲೇ ಹೊಸದೊಂದು ಬ್ಯಾಕಪ್ ತೆಗೆದು, ಫೋನಿನ ಆಂಡ್ರಾಯ್ಡ್ ಫೋಲ್ಡರಿನಲ್ಲಿ ಮೀಡಿಯಾದ ಒಳಗಿರುವ ವಾಟ್ಸ್ಆ್ಯಪ್ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡಿ. ಹೊಸ ಓಎಸ್ ಹಾಕಿದ ಮೇಲೆ ಆ ಫೋಲ್ಡರನ್ನು ಅದೇ ಜಾಗಕ್ಕೆ ಮೊದಲು ಸೇರಿಸಿ, ವಾಟ್ಸ್ಆ್ಯಪ್ ಆಮೇಲೆ ಹಾಕಿ. ಅದು ಬ್ಯಾಕಪ್ ಸಿಕ್ಕಿದೆ ಎನ್ನುತ್ತದೆ.

ಹಂತ 5: ಸಂಪರ್ಕಗಳು, ಚಿತ್ರಗಳು

ಐಕ್ಲೌಡ್ ಜಾಲತಾಣದಿಂದ ಸಂಪರ್ಕಗಳನ್ನು ವಿಕಾರ್ಡ್ ಎಂಬ ಕಡತವಾಗಿ ಇಳಿಸಿ, ಹೊಸ ಫೋನಿನಲ್ಲಿ ತೆರೆದರೆ ಸಾಕು. ಚಿತ್ರಗಳ ಮೂಲಪ್ರತಿ ಐಕ್ಲೌಡ್‌ನಲ್ಲೇ ಇದ್ದರೆ ಕೇಬಲ್‌ನಿಂದ ಪೂರ್ತಿ ಬರುವುದಿಲ್ಲ. ಆ್ಯಪಲ್‌ನ ಖಾಸಗಿತನದ ಪುಟದಲ್ಲಿ ನಿಮ್ಮ ಮಾಹಿತಿಯ ಪ್ರತಿ ಕೇಳಿ, ಕೆಲವು ದಿನ ಕಾಯಿರಿ.

ಹಂತ 6: ಎಫ್-ಡ್ರಾಯ್ಡ್

ಬ್ರೌಸರ್‌ನಿಂದ ಎಫ್-ಡ್ರಾಯ್ಡ್ ಇಳಿಸಿಕೊಂಡು, ಅನುಸ್ಥಾಪಿಸಲು ಬ್ರೌಸರ್‌ಗೆ ಕೊಟ್ಟ ಅನುಮತಿಯನ್ನು ತಕ್ಷಣ ವಾಪಸ್ ಪಡೆಯಿರಿ. 2010ರಿಂದ ನಡೆಯುತ್ತಿರುವ ಈ ಸಂಗ್ರಹದಲ್ಲಿ ಮುಕ್ತ ತಂತ್ರಾಂಶಕ್ಕೆ ಮಾತ್ರ ಜಾಗ. ಆ್ಯಪ್ ನಿಮ್ಮ ಜಾಡು ಹಿಡಿಯುತ್ತದೆಯೇ, ಮುಕ್ತವಲ್ಲದ ಸೇವೆಯನ್ನು ಅವಲಂಬಿಸಿದೆಯೇ ಎಂಬುದನ್ನು ಅದರ ಪುಟದಲ್ಲೇ ಎಚ್ಚರಿಕೆಯಾಗಿ ಬರೆದಿರುತ್ತಾರೆ. ಪಾಡ್‌ಕಾಸ್ಟ್‌ಗೆ ಆಂಟೆನಾಪಾಡ್, ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್, ಮೇಲ್‌ಗೆ ಥಂಡರ್‌ಬರ್ಡ್, ಚಿತ್ರಗಳಿಗೆ ಫಾಸಿಫೈ ಗ್ಯಾಲರಿ: ಇಷ್ಟರಲ್ಲಿ ದಿನ ಕಳೆಯುತ್ತದೆ.

ಈ ಬಾಗಿಲಿಗೂ ಕಾವಲು ಬರುತ್ತಿದೆ ಎಂಬುದು ಗೊತ್ತಿರಲಿ. ಗೂಗಲ್‌ನ ಪ್ರಮಾಣೀಕರಣ ಪಡೆದ ಆಂಡ್ರಾಯ್ಡ್ ಫೋನುಗಳಲ್ಲಿ ಹಾಕುವ ಆ್ಯಪ್‌ಗಳನ್ನು ಮಾಡಿದವರು ತನ್ನಲ್ಲಿ ಗುರುತು ದೃಢಪಡಿಸಿಕೊಳ್ಳಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಎಫ್-ಡ್ರಾಯ್ಡ್ ಬಳಗ ಬಹಿರಂಗವಾಗಿ ವಿರೋಧಿಸಿದೆ. ಮೊದಲ ಹಂತದಲ್ಲಿ ಬೂಟ್‌ಲೋಡರ್ ಬಗ್ಗೆ ಅಷ್ಟು ಹಟ ಹಿಡಿದದ್ದು ಇದಕ್ಕೇ.

ಹಂತ 7: ಓಎಸ್ ಬದಲಿಸುವುದು, ಬೇಕಿದ್ದರೆ

ಎರಡು ತಿಂಗಳು ಕಂಪನಿಯ ಓಎಸ್‌ನಲ್ಲೇ ಮುಕ್ತ ಆ್ಯಪ್‌ಗಳೊಂದಿಗೆ ಬದುಕಿ ನೋಡಿ, ಆಮೇಲೆ ಕೈಹಾಕಿ. ಬೂಟ್‌ಲೋಡರ್ ತೆರೆದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಯುತ್ತದೆ. ಬ್ಯಾಂಕಿನ ಕೆಲವು ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆ ನಡೆಸಿ, ಬೇರೆ ಓಎಸ್ ಕಂಡರೆ ತೆರೆಯುವುದೇ ಇಲ್ಲ. ನಿಮ್ಮ ಬ್ಯಾಂಕಿನದು ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ. ಗ್ರ್ಯಾಫೀನ್ ಓಎಸ್ ಅನ್ನು ಬ್ರೌಸರ್‌ನಿಂದಲೇ ಹಾಕಬಹುದು. ಕೊನೆಯಲ್ಲಿ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕುವ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಲೀನಿಯೇಜ್ ಓಎಸ್ ಹಾಕಿದವರು ಮತ್ತೆ ಬೀಗ ಹಾಕಲು ಹೋಗಬಾರದು, ಬಹುತೇಕ ಫೋನುಗಳು ಆಮೇಲೆ ಏಳುವುದಿಲ್ಲ.

ಹಂತ 8: ಹಳೆಯ ಫೋನು

ಒಂದು ತಿಂಗಳಾದರೂ ಡ್ರಾಯರ್‌ನಲ್ಲಿರಲಿ. ಕೊಡುವ ದಿನ ಮೊದಲು ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಫೈಂಡ್ ಮೈ ಆಫ್ ಆಗಿದೆಯೇ ನೋಡಿ, ಆಮೇಲೆ ಅಳಿಸಿ. ಇಲ್ಲದಿದ್ದರೆ ಆ್ಯಕ್ಟಿವೇಶನ್ ಲಾಕ್ ಬಿದ್ದು, ತೆಗೆದುಕೊಂಡವರು ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಬರುತ್ತಾರೆ. ಆ್ಯಪ್ ಸ್ಟೋರ್ ಮೂಲಕ ಕಟ್ಟುತ್ತಿದ್ದ ಚಂದಾಗಳು ಫೋನು ಹೋದರೂ ನಿಲ್ಲುವುದಿಲ್ಲ. ಸೈನ್ ಔಟ್ ಆಗುವ ಮೊದಲೇ ಆ ಪಟ್ಟಿ ತೆರೆದು ಒಂದೊಂದಾಗಿ ರದ್ದು ಮಾಡಿ.