ಮೊನಾಪಲಿಯ ದಾಳ ಸರಿಮಾಡಿದ್ದು

ಮನೆಯವರೆಲ್ಲ ಸೇರಿ ಆಡೋಣ ಅಂತ ದಾಳ ಎಸೆದು, ಜಾಗ ಕೊಂಡು ಬಾಡಿಗೆ ವಸೂಲಿ ಮಾಡುವ ಮೊನಾಪಲಿ ಆಟವನ್ನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. 40 ಮನೆ, ಬಾಡಿಗೆ, ಬ್ಯಾಂಕು ಎಲ್ಲಾ ಚೆನ್ನಾಗಿ ನಡೆಯುತ್ತಿತ್ತು. ಮೂರನೇ ಆಟದಲ್ಲಿ ಅಮ್ಮ ಪರದೆ ನೋಡುತ್ತಾ, "ಇದೇನೋ, ಎರಡು, ಹನ್ನೆರಡು ಇಷ್ಟು ಸಲ ಬೀಳುತ್ತಾ?" ಅಂದರು. ಚೌಕಾಬಾರ ಆಡಿ ಬೆಳೆದವರು, ಅವರ ಕಣ್ಣು ತಪ್ಪಲ್ಲ.

2ರಿಂದ 12ರೊಳಗೆ ಒಂದು ಸಂಖ್ಯೆ ಆರಿಸು ಅಂತ ನಾನು ಒಂದೇ ಸಾಲು ಬರೆದಿದ್ದೆ. ತಪ್ಪು ಅಲ್ಲೇ ಇತ್ತು. ಎರಡು ದಾಳ 36 ಬಗೆಯಲ್ಲಿ ಬೀಳಬಹುದು. 7 ಬರಲು ಆರು ದಾರಿ, 2 ಬರಲು ಒಂದೇ. ನನ್ನ ಸಾಲು ಎಲ್ಲಕ್ಕೂ ಸಮಪಾಲು ಕೊಟ್ಟಿತ್ತು. ಹೀಗಾದರೆ ಆಟದ ಜೀವವೇ ಹೋಗುತ್ತೆ. ಕಿತ್ತಳೆ ಬಣ್ಣದ ಜಾಗಗಳು ಜೈಲಿನಿಂದ 6, 8, 9 ಹೆಜ್ಜೆ ದೂರ. ಈ ಮೊತ್ತಗಳು ಹೆಚ್ಚು ಬೀಳುವುದರಿಂದ ಜೈಲಿನಿಂದ ಹೊರಟವರು ಅಲ್ಲಿಗೆ ಆಗಾಗ ಬರುತ್ತಾರೆ. ಆ ಜಾಗಗಳಿಗೆ ಅಷ್ಟು ಬೆಲೆ ಬರುವುದೇ ಈ ಲೆಕ್ಕದಿಂದ, ಅಲ್ವಾ?

1ರಿಂದ 6ರೊಳಗೆ ಎರಡು ಸಲ ಬೇರೆ ಬೇರೆಯಾಗಿ ಆರಿಸಿ ಕೂಡಿಸಿದೆ. ಎರಡೂ ಒಂದೇ ಬಿದ್ದರೆ ಇನ್ನೊಂದು ಸರದಿ, ಸತತ ಮೂರು ಸಲ ಬಿದ್ದರೆ ಜೈಲು ಅನ್ನುವ ನಿಯಮವೂ ಆಗಲೇ ಸರಿಯಾಗಿ ಕೂತಿತು. ಆಮೇಲೆ ಸುಮ್ನೆ 36,000 ಸಲ ಎಸೆದು ನೋಡಿದೆ: 7 ಸುಮಾರು 6,000 ಸಲ, 2 ಸುಮಾರು 1,000. ಅವತ್ತು ರಾತ್ರಿ ಅಮ್ಮನೇ ಗೆದ್ದರು.