ಮಸಿಯ ಬಿದಿರು, ನೀರಿನ ಲೆಕ್ಕ

ಚೀನೀ ಶೈಲಿಯ ಬಿದಿರಿನ ಚಿತ್ರ ಕೆಟ್ಟರೆ ನನಗೆ ಮೊದಲು ಗುಮಾನಿ ಬರುವುದು ಕುಂಚದಲ್ಲಿದ್ದ ನೀರಿನ ಮೇಲೆ. ಇದಕ್ಕೆ ನಾನು ಬಳಸುವುದು 'ಹಸಿ', ಅಂದರೆ ಅಂಟು ಹಚ್ಚದ, ಶುವಾನ್ ಕಾಗದ. ಅನ್‌ಹುಯಿ ಪ್ರಾಂತದ ಜಿಂಗ್ ಕೌಂಟಿಯಲ್ಲಿ ಮರದ ತೊಗಟೆ, ಭತ್ತದ ಹುಲ್ಲು ಸೇರಿಸಿ ಮಾಡುವ ಈ ಕಾಗದ ಮಸಿ ತಗುಲಿದೊಡನೆ ಕುಡಿದುಬಿಡುತ್ತದೆ. ಪಟಿಕ, ಅಂಟು ಹಚ್ಚಿದ 'ಬೆಂದ' ಕಾಗದ ಗೊಂಗ್‌ಬಿ ಎಂಬ ನವಿರು ಚಿತ್ರಶೈಲಿಯ ಸೂಕ್ಷ್ಮ ಗೆರೆಗೆ ಚೆನ್ನ, ಬಿದಿರಿಗೆ ಬೇಡ. ಕೆಳಗೆ ಉಣ್ಣೆಯ ಹಾಸು ಇರಲೇಬೇಕು. ಇಲ್ಲದಿದ್ದರೆ ಒದ್ದೆ ಕಾಗದ ಮೇಜಿಗಂಟಿ ಮಸಿ ಅಡಿಯಲ್ಲೇ ಹರಡುತ್ತದೆ.

ಮಸಿಕಡ್ಡಿ ಎಂದರೆ ಕಾಡಿಗೆ ಮತ್ತು ಚರ್ಮದ ಅಂಟು. ಕಲ್ಲಿನ ಮೇಲೆ ಅರ್ಧ ಚಮಚ ನೀರು ಬಿಟ್ಟು, ಕಡ್ಡಿಯನ್ನು ನೆಟ್ಟಗೆ ಹಿಡಿದು ಹತ್ತು ಹದಿನೈದು ನಿಮಿಷ ಸುತ್ತುತ್ತ ತೇಯುತ್ತೇನೆ. ಗಂಧ ತೇಯ್ದು ರೂಢಿಯಿದ್ದವರು ಒತ್ತಿ ಉಜ್ಜುತ್ತಾರೆ. ಹಾಗೆ ಮಾಡಿದರೆ ಮಸಿ ತರಿತರಿ. ಮುಗಿದ ಮೇಲೆ ಕಡ್ಡಿ ಒರೆಸಿಡಿ, ಒದ್ದೆಯಾಗಿ ಬಿಟ್ಟರೆ ಸೀಳುತ್ತದೆ. ರಾತ್ರಿ ಕಳೆದ ಮಸಿಯ ಅಂಟು ಕೆಡುವುದರಿಂದ, ಆ ಚಿತ್ರಕ್ಕೆ ಹಿಂಬದಿ ಕಾಗದ ಅಂಟಿಸುವಾಗ ಬಣ್ಣ ಬಿಡಬಹುದು.

ಕಾಂಡಕ್ಕೆ ಕುಂಚವನ್ನು ತೊಳೆದು, ಹಿಂಡಿ, ಪೂರ್ತಿ ತಿಳಿಮಸಿಯಲ್ಲಿ ಅದ್ದಿ, ತುದಿಗೆ ಮಾತ್ರ ಗಟ್ಟಿಮಸಿ ಕೊಡುತ್ತೇನೆ. ಬುಡದಿಂದ ಮೇಲಕ್ಕೆ: ಒತ್ತು, ಎಳೆ, ಮತ್ತೆ ಒತ್ತಿ ಎತ್ತು. ಗಿಣ್ಣಿನ ಜಾಗದಲ್ಲಿ ಕೂದಲೆಳೆಯಷ್ಟು ಬಿಳಿ ಬಿಡಬೇಕು. ಎರಡು ಗಿಣ್ಣಿನ ನಡುವಿನ ತುಂಡು ಬುಡದಲ್ಲಿ ಗಿಡ್ಡ, ನಡುವೆ ಉದ್ದ, ತುದಿಗೆ ಮತ್ತೆ ಗಿಡ್ಡ. ಒಂದೇ ಅದ್ದಿನಲ್ಲಿ ಇಡೀ ಕಾಂಡ ಮುಗಿದರೆ ಮಸಿ ತಾನಾಗಿ ಮಸುಕಾಗುತ್ತ ಹೋಗುತ್ತದೆ. ನಡುವೆ ಅದ್ದಿದರೆ ತೇಪೆ ಕಾಣುತ್ತದೆ. ಗಿಣ್ಣಿನ ಗಟ್ಟಿ ಗೆರೆ ಹಾಕುವುದು ಕಾಂಡ ಅರ್ಧ ಆರಿದಾಗ. ತೀರ ಹಸಿಯಿದ್ದರೆ ಗೆರೆ ಹರಡಿ ಮಾಯ, ಪೂರ್ತಿ ಒಣಗಿದ್ದರೆ ಮೇಲೆ ಅಂಟಿಸಿದಂತೆ.

ಎಲೆಯಲ್ಲಿ ನಿಧಾನಕ್ಕೆ ಎಡೆಯಿಲ್ಲ. ಒತ್ತಿ ಸರಕ್ಕನೆ ಎತ್ತಬೇಕು, ತಡವಾದರೆ ತುದಿ ಮೊಂಡು. ಮೂರೆಲೆ '个' ಅಕ್ಷರದಂತೆ, ನಾಲ್ಕಾದರೆ '介'ನಂತೆ ಕೂಡಿಸುವುದು ವಾಡಿಕೆ. ಆದರೆ ಎಲ್ಲ ಎಲೆಯೂ ಒಂದೇ ಬಿಂದುವಿನಿಂದ ಹೊರಟರೆ ಬೀಸಣಿಗೆ. ಎಲೆಯ ಮುಂಬದಿಗೆ ಗಟ್ಟಿಮಸಿ, ಹಿಂಬದಿಗೆ ತಿಳಿಮಸಿ ಎಂಬ ಕ್ರಮ ಬಿದಿರಿನ ಚಿತ್ರಕಾರ ವೆನ್ ತೋಂಗ್‌ನಿಂದ (1018–1079) ಶುರುವಾಯಿತೆಂದು ಸೋಂಗ್ ರಾಜವಂಶದ ಕಾಲದ ಚಿತ್ರಕಾರ ಮಿ ಫು ಬರೆದಿದ್ದಾನೆ. ಅದೇ ವೆನ್ ತೋಂಗ್ ಬಗ್ಗೆ ಬರೆಯುತ್ತ ಕವಿ ಸು ಶಿ, ಬಿದಿರು ಮೊದಲು ಎದೆಯೊಳಗೆ ಪೂರ್ತಿ ಬೆಳೆದಿರಬೇಕು ಎಂದ. ಕಾವ್ಯದಂತೆ ಕೇಳಿಸುತ್ತದೆ, ನನಗಂತೂ ಅದು ಕಸುಬಿನ ಮಾತು: ಹಸಿ ಕಾಗದದ ಮೇಲೆ ಕುಂಚ ನಿಲ್ಲಿಸಿ ಯೋಚಿಸಿದರೆ ನಿಂತಲ್ಲೇ ಕಪ್ಪು ಗುಡ್ಡೆ ಬೆಳೆಯುತ್ತದೆ.