ಮಗುವಿನ ಸಿಕಲ್ ಸೆಲ್ ವರದಿಯಲ್ಲಿ ‘ಎಫ್‌ಎಎಸ್’ ಎಂದಿದೆಯೇ? ಮುಂದೆ ಹೀಗೆ ಮಾಡಿ

ನಮ್ಮ ದೇಶದಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆ) ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಪಕ್ಕದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಹಾಡಿ, ಪೋಡುಗಳಿಗೂ ಇದು ಹೊಸದಲ್ಲ. 2023ರ ಜುಲೈನಲ್ಲಿ ಶುರುವಾದ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಿಂದ ತಪಾಸಣೆಯೇನೋ ಹೆಚ್ಚಿತು. ಆದರೆ ವರದಿ ಓದಿ ಹೇಳುವವರು ಸಿಗುವುದೇ ಕಷ್ಟ.

ಮೊದಲು ರಕ್ತ ತೆಗೆಸುವುದು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿ ಚುಚ್ಚಿ, ನಾಲ್ಕಾರು ಹನಿಯನ್ನು ವಿಶೇಷ ಕಾಗದದ ಮೇಲೆ ಇಳಿಸಿ ಒಣಗಿಸುತ್ತಾರೆ. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ ಅದಕ್ಕೂ ಮುಂಚೆಯೇ ಇದು ಆಗಬೇಕು. ಶಿಬಿರಗಳಲ್ಲಿ ಮಾಡುವ, ಸಿಕಲ್ ಹಿಮೋಗ್ಲೋಬಿನ್ ಇದೆಯೇ ಎಂದಷ್ಟೇ ಹೇಳುವ ಸಾಲ್ಯುಬಿಲಿಟಿ ಪರೀಕ್ಷೆ ಆರು ತಿಂಗಳೊಳಗಿನ ಮಕ್ಕಳಿಗೆ ನಂಬಲರ್ಹವಲ್ಲ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯನ್ನೇ ಕೇಳಿ.

ಇನ್ನು ವರದಿ. ಯಾವ ಬಗೆಯ ಹಿಮೋಗ್ಲೋಬಿನ್ ಹೆಚ್ಚೋ ಅದರ ಅಕ್ಷರ ಮೊದಲು ಬರುತ್ತದೆ. ‘ಎಫ್’ ಎಂದರೆ ಗರ್ಭದಲ್ಲಿದ್ದಾಗಿನದು. ಎಲ್ಲ ಎಳೆಗೂಸುಗಳಲ್ಲೂ ಅದೇ ಹೆಚ್ಚು. ‘ಎ’ ಸಹಜ ಬಗೆ, ‘ಎಸ್’ ಸಿಕಲ್ ಬಗೆ. ‘ಎಫ್‌ಎ’ ಸಹಜ. ‘ಎಫ್‌ಎಎಸ್’ ಆದರೆ ಮಗು ವಾಹಕ ಮಾತ್ರ: ಎಸ್ ಜೀನು ಒಂದೇ ಇದೆ, ಕಾಯಿಲೆಯಿಲ್ಲ. ‘ಎಫ್‌ಎಸ್’ ಬಂದರೆ ಕಾಯಿಲೆಯ ಸಾಧ್ಯತೆ ಹೆಚ್ಚು. ಎಚ್ಚರ ಬೇಕಾದದ್ದು ‘ಎಫ್‌ಎಸ್‌ಎ’ ಎಂದಿದ್ದಾಗ: ಅಕ್ಷರಗಳು ಅವೇ ಮೂರು, ಕ್ರಮ ಮಾತ್ರ ಬೇರೆ. ಎ-ಗಿಂತ ಎಸ್ ಹೆಚ್ಚಿದೆ ಎಂದರೆ ಸಿಕಲ್ ಜೊತೆ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಇನ್ನೊಂದು ವಂಶಪಾರಂಪರ್ಯ ದೋಷ) ಸೇರಿರಬಹುದು. ವಾಹಕ ಎಂದು ಕೈಬಿಡುವ ಹಾಗಿಲ್ಲ. ‘ಎಫ್‌ಎಸ್’, ‘ಎಫ್‌ಎಸ್‌ಎ’ ಎರಡೂ ವರದಿಗಳನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಖಚಿತಪಡಿಸಿಕೊಳ್ಳಿ. ಸೋಂಕು ತಡೆಯುವ ಪೆನಿಸಿಲಿನ್ ಎರಡನೇ ತಿಂಗಳಿಗೇ ಶುರುವಾಗಬೇಕಾಗಬಹುದು.

ವಾಹಕ ಮಗುವಿಗೆ ಔಷಧ ಬೇಡ, ಪಥ್ಯವೂ ಬೇಡ. ವಾಹಕತ್ವ ಮುಂದೆ ಕಾಯಿಲೆಯಾಗಿ ತಿರುಗುವುದಿಲ್ಲ.

ಹಾಗಾದರೆ ವಾಹಕ ಎಂದು ಬಂದಾಗ ಆಪ್ತಸಮಾಲೋಚನೆಗೆ ಹೋಗಿ ಎನ್ನುವುದು ಯಾಕೆ? ಅದು ಅಪ್ಪ ಅಮ್ಮನಿಗಾಗಿ. ಇಬ್ಬರೂ ಒಟ್ಟಿಗೇ ಹೋಗಿ. ಸೊಸೆಯೊಬ್ಬಳನ್ನೇ ಕಳಿಸಿ ‘ಅವಳ ಕಡೆಯಿಂದ ಬಂತು’ ಎನ್ನುವ ಮನೆಗಳು ಈಗಲೂ ಇವೆ. ಎಸ್ ಜೀನು ತಂದೆಯಿಂದಲೂ ಬಂದಿರಬಹುದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25, ವಾಹಕವಾಗುವುದು ಶೇ 50. ಮೊದಲ ಮಗು ಚೆನ್ನಾಗಿದೆ ಎಂದು ಎರಡನೆಯದರ ಲೆಕ್ಕ ಬದಲಾಗದು. ಒಬ್ಬರಷ್ಟೇ ವಾಹಕರಾಗಿ, ಇನ್ನೊಬ್ಬರ ಎಚ್‌ಪಿಎಲ್‌ಸಿ ಸಹಜವಿದ್ದರೆ ಸಿಕಲ್ ಕಾಯಿಲೆಯ ಭಯವಿಲ್ಲ. ಸಾಲ್ಯುಬಿಲಿಟಿ ಒಂದನ್ನೇ ಮಾಡಿಸಿದರೆ ಥಲಸ್ಸೀಮಿಯಾ ವಾಹಕರು ತಪ್ಪಿಸಿಕೊಳ್ಳುತ್ತಾರೆ. ಸೋದರಮಾವ, ಅತ್ತೆ ಮಕ್ಕಳ ಸಂಬಂಧ ನಡೆಯುವ ಕುಟುಂಬಗಳಲ್ಲಿ ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಲಿ.

ಇಬ್ಬರೂ ವಾಹಕರಾಗಿದ್ದು ಮತ್ತೆ ಬಸಿರಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಭ್ರೂಣದ ಪರೀಕ್ಷೆ ಸುಮಾರು 10–12ನೇ ವಾರಕ್ಕೇ ಸಾಧ್ಯ. ಮಾಡಿಸುವುದು, ಬಿಡುವುದು ದಂಪತಿಯ ನಿರ್ಧಾರ, ಸಮಾಲೋಚಕರು ಒತ್ತಾಯಿಸುವಂತಿಲ್ಲ. ವರದಿಯನ್ನು ತಾಯಿ ಕಾರ್ಡಿನ ಜೊತೆಗಿಟ್ಟು, ಮಗು ಮದುವೆ ವಯಸ್ಸಿಗೆ ಬರುವ ಮುಂಚೆ ಅದರ ಕೈಗೇ ಕೊಡಿ.